ಮತದಾರರ ಪಟ್ಟಿ ಮತ್ತು ಕೇಂದ್ರಾಧಿಕಾರ: ಕಲ್ಯಾಣ–ಹುಮನಾಬಾದ್ ಸೀಮೆಯಿಂದ ಒಂದು ಮರುಪರಿಶೀಲನೆ

ಭಾರತದಲ್ಲಿ ವಯಸ್ಕ ಮತಾಧಿಕಾರ ನೆಲೆಗೊಂಡ ಬಗೆಯನ್ನು ಕುರಿತ ಈಚಿನ ಅಧ್ಯಯನಗಳಲ್ಲಿ ಒರ್ನಿಟ್ ಶಾನಿಯವರ 2018ರ ಗ್ರಂಥ ಮುಖ್ಯವಾದುದು. ಸಂವಿಧಾನ ಜಾರಿಗೆ ಬರುವ ಮೊದಲೇ, 1947ರ ಕೊನೆಯಿಂದ, ಮತದಾರರ ಪಟ್ಟಿಯ ಸಿದ್ಧತೆ ಆರಂಭವಾಯಿತು. ಜನ ಪೌರರಾದದ್ದು ಆ ಪಟ್ಟಿಯ ಕೆಲಸದಲ್ಲಿಯೇ ಎಂಬುದು ಅವರ ವಾದ. ಬ್ರಿಟಿಷರ ನೇರ ಆಳ್ವಿಕೆಯಲ್ಲಿದ್ದ ಪ್ರಾಂತಗಳ ಮಟ್ಟಿಗೆ ಇದನ್ನು ಒಪ್ಪಬಹುದು. ಆದರೆ ಬೀದರ್ ಜಿಲ್ಲೆಯ ಕಲ್ಯಾಣ, ಹುಮನಾಬಾದ್‌ಗಳಲ್ಲಿ ಆಗ ನಿಜಾಮನ ಆಡಳಿತವಿತ್ತು. ಇಲ್ಲಿಗೆ ಮತಾಧಿಕಾರ ಬಂದದ್ದು ಸೈನ್ಯದ ಬೆನ್ನಿಗೆ. ಈ ವ್ಯತ್ಯಾಸ ಕೇವಲ ಕಾಲಕ್ರಮದ್ದಲ್ಲ.

ಹಿನ್ನೆಲೆ ಪರಿಚಿತವಾದುದೇ. ಕಲ್ಯಾಣವು ಕಲ್ಯಾಣಿ ನವಾಬರ ಜಾಗೀರಾಗಿತ್ತು. 1939ರ ಹೈದರಾಬಾದ್ ಸುಧಾರಣೆಗಳು ಪ್ರಾತಿನಿಧ್ಯವನ್ನು ಊರು–ಸೀಮೆಗಳ ಬದಲು ವೃತ್ತಿ ಮತ್ತು ಹಿತಾಸಕ್ತಿಯ ಗುಂಪುಗಳಿಗೆ ಹಂಚಿದವು. 1946ರ ಚುನಾವಣೆಯನ್ನು ಸ್ಟೇಟ್ ಕಾಂಗ್ರೆಸ್ ಬಹಿಷ್ಕರಿಸಿತು. 1948ರ ಮೇ ತಿಂಗಳಲ್ಲಿ ಕಲ್ಯಾಣದ ಸಮೀಪದ ಗೋರ್ಟಾದಲ್ಲಿ ರಜಾಕಾರರ ಹತ್ಯಾಕಾಂಡ, ಸೆಪ್ಟೆಂಬರ್‌ನಲ್ಲಿ ಪೊಲೀಸ್ ಕಾರ್ಯಾಚರಣೆ, ಬಳಿಕ ಜನರಲ್ ಜೆ.ಎನ್. ಚೌಧುರಿ ಅವರ ಸೈನಿಕ ಆಡಳಿತ, 1949ರಲ್ಲಿ ಜಾಗೀರುಗಳ ರದ್ದತಿ: ಇವುಗಳ ಕ್ರಮದ ಬಗ್ಗೆ ವಿವಾದವಿಲ್ಲ.

ವಿವಾದವಿರುವುದು ಮುಂದಿನ ಹೆಜ್ಜೆಯಲ್ಲಿ. 1949ರ ನವೆಂಬರ್ 23ರ ಫರ್ಮಾನಿನಲ್ಲಿ ನಿಜಾಮರು ಭಾರತ ಸಂವಿಧಾನವನ್ನು ಅಂಗೀಕರಿಸಿದರು. ಅದಕ್ಕೆ ಜನರ ಅನುಮೋದನೆಯ ಷರತ್ತೂ ಇತ್ತು. ಒಕ್ಕೂಟದೊಂದಿಗಿನ ಸಂಬಂಧವನ್ನು ಅಂತಿಮವಾಗಿ ನಿರ್ಣಯಿಸಬೇಕಾಗಿದ್ದುದು ಹೈದರಾಬಾದಿನದೇ ಸಂವಿಧಾನ ಸಭೆ. ಆ ಸಭೆ ಸೇರಲೇ ಇಲ್ಲ. 1950ರ ಜನವರಿ 26ರಂದು ಹೈದರಾಬಾದ್ 'ಬಿ' ಭಾಗದ ರಾಜ್ಯವಾಯಿತು. ಮೂಲ 371ನೆಯ ವಿಧಿ ಅಂಥ ರಾಜ್ಯಗಳ ಸರ್ಕಾರಗಳನ್ನು ಹತ್ತು ವರ್ಷ ರಾಷ್ಟ್ರಪತಿಗಳ ಸಾಮಾನ್ಯ ನಿಯಂತ್ರಣಕ್ಕೆ ಒಳಪಡಿಸಿತು. ಅಧಿಕಾರಿ ಎಂ.ಕೆ. ವೆಲ್ಲೋಡಿ ಮುಖ್ಯಮಂತ್ರಿಯಾದರು. ಚುನಾಯಿತ ಸರ್ಕಾರ ಬಂದದ್ದು 1952ರಲ್ಲಿ.

ನನ್ನ ವಾದ ಇಷ್ಟು: ಆ ಸರ್ಕಾರವನ್ನು ತಂದ ಚುನಾವಣೆಯು, ಮಾತು ಕೊಟ್ಟಿದ್ದ ಸಂವಿಧಾನ ಸಭೆಯ ಜಾಗವನ್ನು ಸದ್ದಿಲ್ಲದೆ ತುಂಬಿತು. ಇದನ್ನು ಕೆಲವು ಮಿತಿಗಳೊಂದಿಗೇ ಹೇಳಬೇಕು. ಜನ ವಿಲೀನಕ್ಕೆ ವಿರುದ್ಧವಾಗಿದ್ದರು ಎಂದು ಇದರ ಅರ್ಥವಲ್ಲ. ವಿಲೀನಕ್ಕಾಗಿ ಸೆರೆಮನೆ ಸೇರಿದವರು, ಪ್ರಾಣ ಕೊಟ್ಟವರು ಈ ಸೀಮೆಯಲ್ಲಿದ್ದರು. 1952ರ ವಿಧಾನಸಭೆಯ ಪ್ರಾತಿನಿಧಿಕತೆಯೂ ಪ್ರಶ್ನಾತೀತ. ಆದರೆ ಅಭ್ಯರ್ಥಿಗೆ ಹಾಕಿದ ಮತವನ್ನು, ಕೇಳದೆ ಉಳಿದ ಪ್ರಶ್ನೆಗೆ ಕೊಟ್ಟ ಉತ್ತರವೆಂದು ಎಣಿಸಲು ಬೇರೆ ಆಧಾರ ಬೇಕು.

ಅಮೆರಿಕದ ಇತಿಹಾಸ ಇಲ್ಲಿ ನೆರವಿಗೆ ಬರುತ್ತದೆ. ಅಂತರ್ಯುದ್ಧದ ನಂತರ, 1867ರ ಕಾಯ್ದೆಗಳ ಮೂಲಕ, ದಕ್ಷಿಣದ ಹತ್ತು ರಾಜ್ಯಗಳನ್ನು ಐದು ಸೈನಿಕ ವಲಯಗಳಾಗಿ ವಿಂಗಡಿಸಿ, ಕಪ್ಪು ಜನರೂ ಸೇರಿದಂತೆ ಮತದಾರರನ್ನು ದಾಖಲಿಸುವ ಹೊಣೆಯನ್ನು ಸೇನಾಧಿಕಾರಿಗಳಿಗೆ ವಹಿಸಲಾಯಿತು. ಆದರೆ ಅಲ್ಲಿ ಹೊಸ ರಾಜ್ಯ ಸಂವಿಧಾನಗಳಿಗಾಗಿ ಜನಪ್ರತಿನಿಧಿ ಸಭೆಗಳು ನಿಜವಾಗಿಯೂ ಸೇರಿದವು. 1877ರ ಹೊತ್ತಿಗೆ ಕೇಂದ್ರ ಹಿಂದೆ ಸರಿದಾಗ, 1870ರ ಹದಿನೈದನೆಯ ತಿದ್ದುಪಡಿ ಇದ್ದೂ ರಾಜ್ಯಗಳು ಕಪ್ಪು ಜನರ ಮತವನ್ನು ಕಸಿದುಕೊಂಡವು. ಕೇಂದ್ರದ ಕೈ ಮತ್ತೆ ಬಲಗೊಂಡದ್ದು 1965ರ ಮತದಾನ ಹಕ್ಕು ಕಾಯ್ದೆಯಿಂದ. 2013ರ ಶೆಲ್ಬಿ ಕೌಂಟಿ ತೀರ್ಪು ಅದನ್ನು ಪುನಃ ಸಡಿಲಿಸಿತು.

ಭಾರತ ಈ ಏರಿಳಿತವನ್ನು ತಪ್ಪಿಸಿತು. ಪ್ರಾಂತೀಯ ಸರ್ಕಾರಗಳು ತಮ್ಮ ಭಾಷೆ, ಸಂಸ್ಕೃತಿಗೆ ಸೇರದವರನ್ನು ಪಟ್ಟಿಯಿಂದ ಹೊರಗಿಡುತ್ತಿವೆ ಎಂಬ ಕಾರಣ ಕೊಟ್ಟು, 1949ರ ಜೂನ್‌ನಲ್ಲಿ ಅಂಬೇಡ್ಕರ್ ಒಂದೇ ಕೇಂದ್ರ ಚುನಾವಣಾ ಆಯೋಗವನ್ನು ಸಮರ್ಥಿಸಿದರು. ಬೀದರಿಗೆ ಆ ಎಚ್ಚರ ಅಗತ್ಯವಾಗಿತ್ತು: ಕಾರ್ಯಾಚರಣೆಯ ನಂತರ ಮುಸ್ಲಿಮರ ಮೇಲೆ ನಡೆದ ಹಿಂಸೆಗೆ ಹೆಚ್ಚು ತುತ್ತಾದ ಜಿಲ್ಲೆಗಳಲ್ಲಿ ಅದೂ ಒಂದೆಂದು ಸುಂದರಲಾಲ್ ಸಮಿತಿ ಗುರುತಿಸಿತ್ತು. 1952ರಲ್ಲಿ ಇಲ್ಲಿಂದ ಲೋಕಸಭೆಗೆ ಆರಿಸಿಬಂದವರು ಶೌಕತುಲ್ಲಾ ಷಾ ಅನ್ಸಾರಿ. ಆದರೆ ಆ ಹಿಂಸೆ ನಡೆದಾಗ ಆಳುತ್ತಿದ್ದುದೂ ಕೇಂದ್ರದ ಸೈನ್ಯವೇ. ಮತವನ್ನು ಕಾಯುವ ಅಧಿಕಾರವನ್ನು ಜನರ ಒಪ್ಪಿಗೆ ಪಡೆದ ಅಧಿಕಾರದೊಡನೆ ಒಂದಾಗಿಸಬಾರದು ಎನ್ನಲು ಇದು ಸಾಕು.

ಹಾಗಾಗಿ ಶಾನಿಯವರ ವಾದವನ್ನು ಕೈಬಿಡಬೇಕಾಗಿಲ್ಲ, ತಿದ್ದಿಕೊಳ್ಳಬೇಕಾಗಿದೆ. ಈ ಸೀಮೆಯಲ್ಲಿ ಪಟ್ಟಿ ವ್ಯಕ್ತಿಯನ್ನು ಮತದಾರನನ್ನಾಗಿಸಿತು. ನಾಡಿನ ಭವಿಷ್ಯದ ಕುರಿತ ನಿರ್ಣಯ ಬೇರೆಡೆಯೇ ಉಳಿಯಿತು. 1956ರಲ್ಲಿ ಬೀದರ್ ಜಿಲ್ಲೆಯ ವಿಭಜನೆಯೂ ಸಂಸತ್ತಿನ ಕಾಯ್ದೆಯಿಂದಲೇ ಆಯಿತು. ಜಾಗೀರು ಹಳ್ಳಿಗಳ ರೈತರು ಮೊದಲ ಮತವನ್ನು ಯಾವುದಕ್ಕೆ ಕೊಟ್ಟ ಒಪ್ಪಿಗೆಯೆಂದು ತಿಳಿದಿದ್ದರು ಎಂಬ ಪ್ರಶ್ನೆ ತೆರೆದೇ ಇದೆ. ಉರ್ದು ಆಡಳಿತ ಕಡತಗಳನ್ನೂ ಕನ್ನಡ, ಮರಾಠಿ ಮೌಖಿಕ ನೆನಪುಗಳನ್ನೂ ಒಟ್ಟಿಗಿಟ್ಟು ಓದುವವರು ಅದನ್ನು ಮುಂದುವರಿಸಬೇಕು.