ಹಂಪೆಯ ನೆಲ: ಕಾಪಿಡುವುದೂ ನಲಿಯುವುದೂ

ನಮ್ಮ ಶಾಲೆ ಆರಂಭವಾದ ಕಾಲದಲ್ಲಿ ರಾಯದುರ್ಗವೂ ಹಂಪೆಯೂ ಒಂದೇ ಜಿಲ್ಲೆಗೆ ಸೇರಿದ್ದವು. ಮದರಾಸು ಪ್ರಾಂತದ ಬಳ್ಳಾರಿ ಜಿಲ್ಲೆಯಲ್ಲಿ ಹೊಸಪೇಟೆ ಒಂದು ತಾಲ್ಲೂಕಾದರೆ ನಮ್ಮದು ಇನ್ನೊಂದು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಉದಯಿಸಿದಾಗ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಅದರ ಪಾಲಾದವು. ಬಳ್ಳಾರಿ, ಹೊಸಪೇಟೆಗಳು ಮೈಸೂರಿಗೆ ಸಂದವು. ನಡುವೆ ಗಡಿ ಬಂದಿತಾದರೂ ನಮ್ಮ ಶಾಲಾ ಪ್ರವಾಸದ ದಾರಿ ಬದಲಾಗಲಿಲ್ಲ. ತಲೆಮಾರುಗಳಿಂದ ನಮ್ಮ ಮಕ್ಕಳು ಬುತ್ತಿ ಕಟ್ಟಿಕೊಂಡು ಹಂಪೆಗೆ ಹೋಗುತ್ತಲೇ ಇದ್ದಾರೆ. ಆದುದರಿಂದ ಹಂಪೆಯನ್ನು ಉಳಿಸುವ ಪ್ರಶ್ನೆ ನಮಗೆ ಪರರ ಊರಿನ ಸುದ್ದಿಯಲ್ಲ.

1336ರಲ್ಲಿ ಸ್ಥಾಪನೆಗೊಂಡ ವಿಜಯನಗರವು 1565ರ ಯುದ್ಧದ ಬಳಿಕ ಹಾಳಾಯಿತೆಂದು ಪಾಠದಲ್ಲಿ ಹೇಳುತ್ತೇವೆ. ಅರಮನೆಗಳ ಮಟ್ಟಿಗೆ ಅದು ನಿಜ. ನೆಲದ ಮಟ್ಟಿಗೆ ಅಲ್ಲ. ಅರಸರ ಕಾಲದ ತುರ್ತು ಕಾಲುವೆ ಇಂದಿಗೂ ಬಂಡೆಗಳ ನಡುವೆ ಹರಿದು ಬಾಳೆ, ಭತ್ತಗಳಿಗೆ ನೀರುಣಿಸುತ್ತಿದೆ. ವಿರೂಪಾಕ್ಷನ ಪೂಜೆ ನಿಂತಿಲ್ಲ. ತೇರಿನ ಬೀದಿಯಲ್ಲಿ ಇಂದಿಗೂ ತೇರು ಸಾಗುತ್ತದೆ. ಹದಿನಾರನೆಯ ಶತಮಾನದಲ್ಲಿ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಬುಟ್ಟಿಯಂತೆ ದುಂಡಗಿನ, ಚರ್ಮ ಹೊದಿಸಿದ ದೋಣಿಗಳನ್ನು ಕಂಡು ಬರೆದಿದ್ದಾನೆ. ಆ ಹರಿಗೋಲು ತುಂಗಭದ್ರೆಯಲ್ಲಿ ಈಗಲೂ ತೇಲುತ್ತದೆ. ಹಂಪೆ ಬರಿಯ ಕಲ್ಲುಗಳ ರಾಶಿಯಲ್ಲ. ಉಳುವವರೂ ಪೂಜಿಸುವವರೂ ಹುಟ್ಟುಹಾಕುವವರೂ ಇರುವ ನಾಡು.

1986ರಲ್ಲಿ ಹಂಪೆಯ ಸ್ಮಾರಕ ಸಮೂಹವು ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಅದರ ಮುಖ್ಯ ವಲಯವೇ 4,187 ಹೆಕ್ಟೇರಿನಷ್ಟು. ಇಂತಹ ಹರವಿನಲ್ಲಿ ಗುಡಿಯೊಂದಕ್ಕೆ ಬೇಲಿ ಹಾಕಿದಂತೆ ಊರಿಗೆ ಬೇಲಿ ಹಾಕಲಾಗದು. ತೊಡಕು ಬೇಗನೆ ತೋರಿತು. ಆನೆಗೊಂದಿಯ ಬಳಿ ನದಿಗೆ ಸೇತುವೆ ಕಟ್ಟಲು ತೊಡಗಿದಾಗ, ಭಾರಿ ವಾಹನಗಳ ಸಂಚಾರವು ಸ್ಮಾರಕಗಳಿಗೂ ಅವುಗಳ ಸನ್ನಿವೇಶಕ್ಕೂ ಕೇಡೆಂದು 1999ರಲ್ಲಿ ಹಂಪೆಯನ್ನು ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಸೇರಿಸಲಾಯಿತು. ಆದರೆ ಆಚೆ ದಡದವರಿಗೆ ಸೇತುವೆಯೆಂದರೆ ಆಸ್ಪತ್ರೆಯ, ಸಂತೆಯ, ಶಾಲೆಯ ದಾರಿ. ಕರ್ನಾಟಕವು 2002ರಲ್ಲಿ ಕಾಯ್ದೆಯೊಂದನ್ನು ರೂಪಿಸಿ ನಿರ್ವಹಣಾ ಪ್ರಾಧಿಕಾರಕ್ಕೆ ದಾರಿ ಮಾಡಿತು. 2006ರಲ್ಲಿ ಹಂಪೆ ಅಪಾಯದ ಪಟ್ಟಿಯಿಂದ ಹೊರಬಂದಿತು. ಆ ಸೇತುವೆ 2009ರ ಜನವರಿಯಲ್ಲಿ, ಕಟ್ಟುತ್ತಿದ್ದಾಗಲೇ ಕುಸಿದು ಕಾರ್ಮಿಕರ ಪ್ರಾಣ ಹೋಯಿತು. ಮುಂದೆ ನದಿಯ ಕೆಳಭಾಗದಲ್ಲಿ, ಬುಕ್ಕಸಾಗರ ಮತ್ತು ಕಡೆಬಾಗಿಲುಗಳ ನಡುವೆ, ಬೇರೊಂದು ಸೇತುವೆ ಬಂದಿತು. ಪರಂಪರೆಗೂ ಜನರ ಅಗತ್ಯಕ್ಕೂ ಹೊಂದುವ ಜಾಗವೊಂದು ಇದ್ದೇ ಇತ್ತು. ಅದನ್ನು ಮೊದಲೇ ಹುಡುಕದೆ ಹೋದುದಕ್ಕೆ ತೆತ್ತ ಬೆಲೆ ದೊಡ್ಡದು.

ಇದಕ್ಕಿಂತ ನೋವಿನ ಸಂಗತಿ ವಿರೂಪಾಕ್ಷ ಬಜಾರಿನದು. ಸಾಲು ಮಂಟಪಗಳಲ್ಲಿ ಜನ ಮನೆ, ಅಂಗಡಿ, ಹೋಟೆಲು ಮಾಡಿಕೊಂಡಿದ್ದರು. ಪ್ರವಾಸಿಗರು ಹೆಚ್ಚಿದಂತೆ ಗೋಡೆಗಳೆದ್ದವು, ಹಳೆಯ ಕಂಬಗಳಿಗೆ ಸಿಮೆಂಟು ಮೆತ್ತಿತು. 2011ರ ಜುಲೈಯಲ್ಲಿ ಅವನ್ನೆಲ್ಲ ತೆರವುಗೊಳಿಸಲಾಯಿತು. ಕುಟುಂಬಗಳಿಗೆ ಪುನರ್ವಸತಿಯ ಜಾಗವನ್ನು ದೂರದ ಕಡ್ಡಿರಾಂಪುರದ ಬಳಿ ಗೊತ್ತುಮಾಡಲಾಯಿತು. ಮಂಟಪಗಳು ಮತ್ತೆ ಕಣ್ಣಿಗೆ ಕಂಡವು, ನಿಜ. ಆದರೆ ಬಜಾರೆಂಬ ಹೆಸರಿನ ಬೀದಿಯಲ್ಲಿ ಕೊಡುವವರೂ ಇಲ್ಲ, ಕೊಳ್ಳುವವರೂ ಇಲ್ಲ. ಕಲ್ಲಿಗೆ ನ್ಯಾಯ ದೊರೆತಾಗ ಮನುಷ್ಯನಿಗೂ ದೊರೆಯಿತೇ ಎಂಬ ಪ್ರಶ್ನೆಯನ್ನು ಇತಿಹಾಸದ ಶಿಕ್ಷಕರಾದ ನಾವು ಮಕ್ಕಳ ಮುಂದೆ ಇಡದೆ ಇರಲಾಗದು. ನದಿಯಾಚೆಯ ವಿರೂಪಾಪುರ ಗಡ್ಡೆಯ ರೆಸಾರ್ಟುಗಳ ಮಾತು ಬೇರೆ. ಸರ್ವೋಚ್ಚ ನ್ಯಾಯಾಲಯದ ತೀರ್ಪಿನಂತೆ ಅವು 2020ರಲ್ಲಿ ನೆಲಸಮವಾದವು. ಊರಿನ ಬದುಕನ್ನೂ ವಿಹಾರದ ವ್ಯಾಪಾರವನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲವೆಂದು ನಮ್ಮ ಭಾವನೆ.

ಹಾಗಾದರೆ ನಿರ್ಬಂಧದ ಭಾರ ಮೊದಲು ಯಾರ ಹೆಗಲಿಗೆ? ಒಂದು ದಿನದ ಸಂತೋಷಕ್ಕೆ ಬಂದು ಹೋಗುವವರ ಹೆಗಲಿಗೆ, ಅಂದರೆ ನಮ್ಮ ಹೆಗಲಿಗೆ. ಇಲ್ಲಿ ತಪ್ಪೊಪ್ಪಿಗೆಯೂ ಸಲ್ಲಬೇಕು. ವಿಠ್ಠಲ ದೇವಾಲಯದ ಸಂಗೀತ ಕಂಬಗಳನ್ನು ತಟ್ಟಿ ನಾದ ಕೇಳಿಸಿದವರಲ್ಲಿ ನಾವೂ ಇದ್ದೇವೆ. ಕಲ್ಲಿನ ರಥವನ್ನೇರಿ ಫೋಟೋ ತೆಗೆಸಿಕೊಂಡ ನಮ್ಮ ಹಳೆಯ ವಿದ್ಯಾರ್ಥಿಗಳೂ ಇದ್ದಾರೆ. ಒಬ್ಬೊಬ್ಬರದೂ ಒಂದು ಪೆಟ್ಟು. ಕಂಬಕ್ಕೆ ಬಿದ್ದದ್ದು ಸಾವಿರಾರು. ಇಂದು ಆ ಕಂಬಗಳನ್ನು ಮುಟ್ಟುವಂತಿಲ್ಲ, ರಥದ ಸುತ್ತ ತಡೆಯಿದೆ. ವಾಹನಗಳನ್ನು ದೂರದಲ್ಲೇ ನಿಲ್ಲಿಸಿ ಬ್ಯಾಟರಿ ಗಾಡಿಯಲ್ಲಿ ಹೋಗಬೇಕು. ಅವನ್ನು ನಡೆಸುವವರಲ್ಲಿ ಸ್ಥಳೀಯ ಹೆಣ್ಣುಮಕ್ಕಳಿದ್ದಾರೆ. ಹೊಗೆಯೂ ತಗ್ಗಿತು, ಊರವರಿಗೆ ದುಡಿಮೆಯೂ ದೊರೆಯಿತು. 2019ರಲ್ಲಿ ಮೋಜಿಗಾಗಿ ಕಂಬ ಉರುಳಿಸಿದ ಯುವಕರಿಗೆ ನ್ಯಾಯಾಲಯ ದಂಡ ವಿಧಿಸಿದ್ದಲ್ಲದೆ ಅವರಿಂದಲೇ ಕಂಬಗಳನ್ನು ಎತ್ತಿ ನಿಲ್ಲಿಸಿತು. ಬೀಳಿಸುವುದು ಎಷ್ಟು ಸುಲಭ, ನಿಲ್ಲಿಸುವುದು ಎಷ್ಟು ಕಷ್ಟ ಎಂಬುದನ್ನು ಕಲಿಸಲು ಇದಕ್ಕಿಂತ ಒಳ್ಳೆಯ ಪಾಠವನ್ನು ನಾವು ಕಂಡಿಲ್ಲ.

ನಲಿವೇ ಬೇಡವೆನ್ನುವವರು ನಾವಲ್ಲ. ಹೇಮಕೂಟದ ಮೇಲೆ ಸಂಜೆಯ ಬಿಸಿಲನ್ನು ಕಂಡ ಮಗು ಹಂಪೆಯನ್ನು ಮರೆಯದು. ಪ್ರೀತಿಯಿಲ್ಲದೆ ಯಾವುದೂ ಉಳಿಯದು. ಆದರೆ ಮಕ್ಕಳಿಗೆ ಅರಮನೆಯ ನೆಲಗಟ್ಟಿನ ಜೊತೆಗೆ ತುರ್ತು ಕಾಲುವೆಯ ತೂಬನ್ನೂ ತೋರಿಸೋಣ, ಬಾಳೆ ತೋಟದ ರೈತನ ಮಾತನ್ನೂ ಕೇಳಿಸೋಣ. ನಮ್ಮ ರಾಯದುರ್ಗದ ಬೆಟ್ಟದಲ್ಲೂ ಕೋಟೆಯಿದೆ, ಗುಡಿಗಳಿವೆ, ಸುತ್ತ ಬದುಕುವ ಜನರಿದ್ದಾರೆ. ಹಂಪೆಯಲ್ಲಿ ಕಲಿತ ನಡೆಯನ್ನು ಆ ಬೆಟ್ಟದ ಮೆಟ್ಟಿಲುಗಳಲ್ಲೂ ಪಾಲಿಸಿದರೆ, ಎರಡನೆಯ ಶತಮಾನಕ್ಕೆ ಕಾಲಿಡುತ್ತಿರುವ ಈ ಶಾಲೆ ತಾನು ಕಲಿಸಿದ ಇತಿಹಾಸಕ್ಕೆ ನ್ಯಾಯ ಸಲ್ಲಿಸಿದಂತಾಗುತ್ತದೆ.