ಕಬ್ಬನ್: ಒಂದು ಮ್ಯಾಂಕ್ಸ್ ಕುಲನಾಮದ ಮೊದಲಕ್ಷರ

1834ರಿಂದ 1861ರವರೆಗೆ ಮೈಸೂರಿನ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ ಐರಿಷ್ ಸಮುದ್ರದ ಮ್ಯಾನ್ ದ್ವೀಪದವನು. ಬೆಂಗಳೂರಿನ ಉದ್ಯಾನದಿಂದ ನಮಗೆ ಪರಿಚಿತವಾದ ಈ ಕುಲನಾಮ ಬ್ರಿಟನ್ನಿನಲ್ಲಿ ವಿರಳ. ಅದರ ಮೂಲ ಗೇಲಿಕ್‌ನ ‘ಮ್ಯಾಕ್ ಗಿಬನ್’, ಎಂದರೆ ಗಿಬನ್ನನ ಮಗ ಎಂಬುದು ಎ. ಡಬ್ಲ್ಯು. ಮೂರ್ 1890ರಲ್ಲಿ ದ್ವೀಪದ ಹೆಸರುಗಳ ಕುರಿತು ಪುಸ್ತಕ ಬರೆದ ಕಾಲದಿಂದ ಒಪ್ಪಿತವಾದ ಮಾತು. ಗಿಬನ್ ಎಂಬುದು ನಾರ್ಮನ್ನರು ತಂದ ಗಿಲ್ಬರ್ಟ್ ಹೆಸರಿನ ಮುದ್ದುರೂಪ. ಅಷ್ಟರಿಂದ ಮನೆತನವೂ ನಾರ್ಮನ್ ಎನ್ನಲಾಗದು. ಹೆಸರುಗಳು ಕುಲ ದಾಟುತ್ತವೆ.

ಚರ್ಚೆಗೆ ಎಡೆಯಿರುವುದು ಮೊದಲಕ್ಷರದಲ್ಲಿ. ಮ್ಯಾಂಕ್ಸ್, ಎಂದರೆ ಮ್ಯಾನ್ ದ್ವೀಪದ, ಹೆಸರುಗಳಲ್ಲಿ ‘ಮ್ಯಾಕ್’ ಉದುರಿ, ಅದರ ಕೊನೆಯ ಕಕಾರ ಮಾತ್ರ ಮುಂದಿನ ಹೆಸರಿಗೆ ಅಂಟಿಕೊಂಡಿತು ಎಂಬುದು ರೂಢಿಯ ವಿವರಣೆ. ‘ಮ್ಯಾಕ್ ಐಸಾಕ್’ ಕಿಸಾಕ್ ಆದದ್ದಕ್ಕೆ ಇದು ಸಾಕು: ಸ್ವರಾದಿಯಾದ ಹೆಸರಿಗೆ ಕಕಾರ ಬೇರೆಲ್ಲಿಂದಲೂ ಬರಲಾರದು. ಆದರೆ ಗಿಬನ್‌ಗೆ ತನ್ನದೇ ಗಕಾರವಿದೆ. ಅದು ಹೋದದ್ದೆಲ್ಲಿಗೆ?

ಸ್ಕಾಟ್ಲೆಂಡಿನ ನೈಋತ್ಯದ ಗ್ಯಾಲೊವೇಯಲ್ಲಿ ಇದೇ ಹೆಸರು ‘ಮೆಕ್‌ಕಬ್ಬಿನ್’ ಎಂದು ಉಳಿದಿದೆ. ಅಲ್ಲಿ ಮ್ಯಾಕ್ ಉದುರಿಲ್ಲ. ಗಕಾರ ಮಾತ್ರ ಇಲ್ಲ. ನಮ್ಮ ಆದೇಶ ಸಂಧಿಯಲ್ಲಿ ಮಳೆ, ಕಾಲ ಸೇರಿ ಮಳೆಗಾಲವಾಗುವಾಗ ಕಕಾರ ಗಕಾರವಾಗುತ್ತದೆ. ಇಲ್ಲಿ ನಡೆದದ್ದು ಅದರ ತಿರುಗುಮುರುಗು. ಹಿಂದಿನ ಕಕಾರದ ಒತ್ತಿನಲ್ಲಿ ಗಕಾರ ಗಡುಸಾಗಿ ಅದರೊಡನೆ ಬೆರೆತಿರಬೇಕು. ಮ್ಯಾಕ್ ಕಳಚಿದ್ದು ಆಮೇಲಿನ ಮಾತು.

ಇದಕ್ಕೊಂದು ಬಲವಾದ ಆಕ್ಷೇಪವಿದೆ. ನೈಋತ್ಯ ಸ್ಕಾಟ್ಲೆಂಡಿನಲ್ಲಿಯೇ ‘ಮೆಕ್‌ಕಿಸಾಕ್’ ಕೂಡ ಇದೆ. ಐಸಾಕ್‌ನಲ್ಲಿ ಗಡುಸಾಗಲು ಗಕಾರವೇ ಇಲ್ಲ. ಒಂದೇ ಕಕಾರವನ್ನು ಬರೆಯುವವರು ಎರಡು ಮಾಡಿದ್ದಾರೆ. ಹಾಗಾದರೆ ಮೆಕ್‌ಕಬ್ಬಿನ್ ಕೂಡ ಬರವಣಿಗೆಯ ಚಾಳಿಯೇ ಇರಬಹುದಲ್ಲವೇ? ಇರಬಹುದು. ಆದರೆ ಲಿಪಿಕಾರನ ಕಿವಿಗೆ ಗಕಾರ ಕೇಳಿದ್ದರೆ ಅವನು ಕಕಾರ ಬರೆಯುತ್ತಿರಲಿಲ್ಲ. ಕಾಗುಣಿತ ಚಾಳಿಯದಾದರೂ, ಮ್ಯಾಕ್ ಇನ್ನೂ ಜೊತೆಗಿದ್ದಾಗಲೇ ಗಕಾರ ಮರೆಯಾಗಿತ್ತು ಎಂಬುದಕ್ಕೆ ಅದು ಸಾಕ್ಷಿಯೇ. ಆದ್ದರಿಂದ ಕಬ್ಬನ್‌ನ ಕಕಾರವನ್ನು ಮ್ಯಾಕ್‌ನ ಬರಿಯ ಶೇಷವೆಂದು ಎಣಿಸದೆ, ಎರಡು ವ್ಯಂಜನಗಳ ಕೂಡಿಕೆಯೆಂದು ತಿಳಿಯುವುದು ಹೆಚ್ಚು ಸಂಭವನೀಯವೆಂದು ನನ್ನ ಅಭಿಪ್ರಾಯ.

ಈ ವಾದ ಧ್ವನಿಬದಲಾವಣೆಗಳ ಅನುಕ್ರಮಕ್ಕಷ್ಟೇ ಅನ್ವಯಿಸುತ್ತದೆ. ಹೆಸರು ಗ್ಯಾಲೊವೇಯಿಂದ ದ್ವೀಪಕ್ಕೆ ಬಂತೋ, ಎರಡೂ ಕಡೆ ಸ್ವತಂತ್ರವಾಗಿ ಹುಟ್ಟಿತೋ ಎಂಬುದನ್ನು ಇದು ತೀರ್ಮಾನಿಸದು. ‘ಗಿ’ಯಲ್ಲಿನ ಇಕಾರ ಮರೆಯಾದ ಬಗೆಗೂ ಪ್ರತ್ಯೇಕ ವಿವರಣೆ ಬೇಕು. 1511ರಿಂದ ದೊರೆಯುವ ದ್ವೀಪದ ಭೂಕಂದಾಯದ ಪಟ್ಟಿಗಳನ್ನು ಗ್ಯಾಲೊವೇಯ ದಾಖಲೆಗಳೊಡನೆ ಇಟ್ಟು ನೋಡುವುದು ಮುಂದಿನ ಕೆಲಸ.