ನಂದಿ ತಪ್ಪಲಿನ ದ್ರಾಕ್ಷಾರಸ: ಒಂದು ಮನೆತನದ ಪ್ರಯೋಗ

ಕೋಲಾರ ಸೀಮೆಯ ರೈತನಿಗೆ ದ್ರಾಕ್ಷಿ ಹೊಸದಲ್ಲ. ಕಲ್ಲು ಕಂಬ ನೆಟ್ಟು, ತಂತಿ ಎಳೆದು, ಚಪ್ಪರದ ಮೇಲೆ ಬಳ್ಳಿ ಹಬ್ಬಿಸುವ ಕೆಲಸ ಈ ಭಾಗದಲ್ಲಿ ತಲೆಮಾರುಗಳಿಂದ ನಡೆದುಬಂದಿದೆ. ಆ ದ್ರಾಕ್ಷಿಯ ರಸವನ್ನು ಹುದುಗಿಸಿ, ಪೀಪಾಯಿಯಲ್ಲಿ ಮಾಗಿಸಿ, ಸೀಸೆಯ ಮೇಲೆ ತೋಟದ ಹೆಸರು ಅಂಟಿಸಿ ಮಾರುವ ವಿದ್ಯೆ ಮಾತ್ರ ಹೊಸದು. ಅದು ಇಲ್ಲಿಗೆ ಬಂದದ್ದು ಸರ್ಕಾರದ ಯೋಜನೆಯಿಂದಲ್ಲ, ಒಂದು ಮನೆತನದ ಹಟದಿಂದ. ಆ ಕಥೆಗೆ ಇಟಲಿ ಮತ್ತು ಫ್ರಾನ್ಸ್ ದೇಶಗಳ ದೀರ್ಘ ಚರಿತ್ರೆಯ ನಂಟಿದೆ. ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ಹಣ್ಣು–ತರಕಾರಿ ಬೆಳೆಗಾರರು ಇಂದಿಗೂ ಕೇಳುತ್ತಿರುವ ಒಂದು ಪ್ರಶ್ನೆಯೂ ಅದರಲ್ಲಿ ಅಡಗಿದೆ.

ದ್ರಾಕ್ಷಾರಸ ಭಾರತಕ್ಕೆ ತೀರ ಅಪರಿಚಿತ ವಸ್ತುವೇನಲ್ಲ. ಕೌಟಿಲ್ಯನ ಅರ್ಥಶಾಸ್ತ್ರ ದ್ರಾಕ್ಷಿಯಿಂದ ಮಾಡಿದ ಪಾನೀಯವನ್ನು ‘ಮಧು’ ಎಂದು ಕರೆದು, ಅದು ಬರುತ್ತಿದ್ದ ವಾಯವ್ಯ ಸೀಮೆಗಳ ಹೆಸರಿನಿಂದಲೇ ಅದರ ಬಗೆಗಳನ್ನು ಗುರುತಿಸುತ್ತದೆ. ಊರಿನ ಹೆಸರಿನಿಂದ ರಸಕ್ಕೆ ಬೆಲೆ ಕಟ್ಟುವ ಪದ್ಧತಿ ಅಷ್ಟು ಹಳೆಯದು. ಆಯುರ್ವೇದದ ದ್ರಾಕ್ಷಾಸವ, ದ್ರಾಕ್ಷಾರಿಷ್ಟಗಳೂ ಹುದುಗಿಸಿ ಮಾಡಿದ ಔಷಧಗಳೇ. ಆದರೆ ದಕ್ಷಿಣದ ಬಯಲಿನಲ್ಲಿ ಸಾಮಾನ್ಯ ಜನರ ಪಾನೀಯವಾಗಿದ್ದುದು ಈಚಲು ಮರದ ಹೆಂಡ, ಆಮೇಲೆ ಸಾರಾಯಿ. ದ್ರಾಕ್ಷಿ ತಟ್ಟೆಯ ಹಣ್ಣಾಗಿ ಉಳಿಯಿತೇ ಹೊರತು ಲೋಟದ ಪಾನೀಯವಾಗಲಿಲ್ಲ.

<b>ನೀಲಿ ದ್ರಾಕ್ಷಿಯ ಇಟಲಿ ನಂಟು</b>

ಬೆಂಗಳೂರಿನ ಸುತ್ತಲಿನ ಸೀಮೆಗೆ ಗುರುತು ತಂದುಕೊಟ್ಟ ತಳಿ ‘ಬೆಂಗಳೂರು ನೀಲಿ’. ದಪ್ಪ ಸಿಪ್ಪೆ, ಕಡುನೀಲಿ ಬಣ್ಣ, ಹುಳಿ ಬೆರೆತ ಸಿಹಿ, ಮೂಗಿಗೆ ಬಡಿಯುವ ಗಾಢ ವಾಸನೆ. ದೇವನಹಳ್ಳಿ, ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರ, ಕೋಲಾರಗಳ ಕೆಂಪು ಮಣ್ಣಿನಲ್ಲಿ ಇದು ಸುಮಾರು ಒಂದೂವರೆ ಶತಮಾನದಿಂದ ಬೆಳೆಯುತ್ತಿದೆ. ವರ್ಷಕ್ಕೆ ಎರಡು ಫಸಲು ಕೊಡುವ, ರೋಗವನ್ನು ತಕ್ಕಮಟ್ಟಿಗೆ ತಾಳಿಕೊಳ್ಳುವ ಗಟ್ಟಿ ಬಳ್ಳಿ ಇದು. ಭೌಗೋಳಿಕ ಗುರುತಿನ ಮಾನ್ಯತೆಯೂ ಇದಕ್ಕೆ ದೊರೆತಿದೆ.

ಹೆಸರಿನಲ್ಲಿ ಬೆಂಗಳೂರು ಇದ್ದರೂ ಇದರ ಮೂಲ ಅಮೆರಿಕ. ತಜ್ಞರು ಇದನ್ನು ‘ಇಸಾಬೆಲ್ಲಾ’ ಎಂಬ ತಳಿಯೊಂದಿಗೆ ಗುರುತಿಸುತ್ತಾರೆ. 1816ರ ಸುಮಾರಿಗೆ ವಿಲಿಯಂ ಪ್ರಿನ್ಸ್ ಎಂಬ ನರ್ಸರಿಯವರು ನ್ಯೂಯಾರ್ಕಿನಲ್ಲಿ ಪ್ರಚಾರಕ್ಕೆ ತಂದ ಈ ಬಳ್ಳಿ, ಅದೇ ಶತಮಾನದಲ್ಲಿ ಸಮುದ್ರ ದಾಟಿ ಯುರೋಪಿಗೂ ಹೋಯಿತು. ಇಟಲಿಯ ರೈತರು ಇದನ್ನು ಮನೆಯಂಗಳದ ಚಪ್ಪರಕ್ಕೆ ಹಬ್ಬಿಸಿದರು. ಅದರ ವಾಸನೆ ಸ್ಟ್ರಾಬೆರಿ ಹಣ್ಣನ್ನು ನೆನಪಿಸುವುದರಿಂದ, ಅದರಿಂದ ಮಾಡಿದ ರಸಕ್ಕೆ ‘ಫ್ರಾಗೊಲಿನೊ’ ಎಂದು ಹೆಸರಿಟ್ಟರು. ಆದರೆ 1930ರ ದಶಕದಲ್ಲಿ ಇಟಲಿ ಸರ್ಕಾರ ಇಂಥ ಅಮೆರಿಕನ್ ಬಳ್ಳಿಗಳ ಮೇಲೆ ನಿರ್ಬಂಧ ಹೇರಿತು. ಅವುಗಳ ರಸವನ್ನು ವೈನ್ ಎಂದು ಮಾರುವಂತಿಲ್ಲ, ಮನೆಬಳಕೆಗೆ ಮಾತ್ರ ಎಂದಾಯಿತು. ನಮ್ಮಲ್ಲಿ ಬುಟ್ಟಿಗಟ್ಟಲೆ ಮಾರುವ ದ್ರಾಕ್ಷಿಯ ಬಂಧು ಅಲ್ಲಿ ಹಿತ್ತಿಲಿಗೆ ಸೇರಿತು.

ಇದಕ್ಕೆ ಹಿನ್ನೆಲೆಯಾಗಿ ಒಂದು ದೊಡ್ಡ ದುರಂತವಿದೆ. ಅಮೆರಿಕದ ಬಳ್ಳಿಗಳ ಜೊತೆಗೇ ಫಿಲಾಕ್ಸೆರಾ ಎಂಬ ಬೇರು ಹೀರುವ ಕೀಟ ಯುರೋಪಿಗೆ ಬಂದು, 1860ರ ದಶಕದಿಂದ ಫ್ರಾನ್ಸಿನ ತೋಟಗಳನ್ನು ಒಣಗಿಸಿತು. 1879ರಲ್ಲಿ ಇಟಲಿಯಲ್ಲೂ ಕಾಣಿಸಿಕೊಂಡಿತು. ಕೊನೆಗೆ ಸಿಕ್ಕ ಪರಿಹಾರ ವಿಚಿತ್ರವಾದದ್ದು: ಕೀಟವನ್ನು ತಾಳುವ ಅಮೆರಿಕದ ಬೇರಿಗೆ ಯುರೋಪಿನ ಬಳ್ಳಿಯನ್ನು ಕಸಿ ಮಾಡುವುದು. ವಿಷ ಬಂದ ಕಡೆಯಿಂದಲೇ ಮದ್ದೂ ಬಂತು. ಇಂದು ಕರ್ನಾಟಕದ ದ್ರಾಕ್ಷಿ ಬೆಳೆಗಾರರು ಬರ ಮತ್ತು ಉಪ್ಪುನೀರನ್ನು ತಾಳಲೆಂದು ಬಳಸುವ ‘ಡಾಗ್‌ರಿಡ್ಜ್’ ಬೇರುಗಿಡವೂ ಅಮೆರಿಕದ ಟೆಕ್ಸಾಸ್ ಮೂಲದ್ದೇ.

<b>ಮನೆತನವೇ ಏಕೆ?</b>

ಇಟಲಿಯ ದ್ರಾಕ್ಷಾರಸದ ಚರಿತ್ರೆ ಬಹುಮಟ್ಟಿಗೆ ಮನೆತನಗಳ ಚರಿತ್ರೆ. ಫ್ಲಾರೆನ್ಸಿನ ಆಂಟಿನೋರಿ ಮನೆತನದ ಹಿರಿಯನೊಬ್ಬ 1385ರಲ್ಲಿ ಅಲ್ಲಿನ ದ್ರಾಕ್ಷಾರಸ ವರ್ತಕರ ಸಂಘಕ್ಕೆ ಸೇರಿದ. ಇಪ್ಪತ್ತಾರು ತಲೆಮಾರು ಕಳೆದರೂ ಆ ಮನೆಯವರು ಅದೇ ಕಸುಬಿನಲ್ಲಿದ್ದಾರೆ. ಬ್ರೋಲಿಯೊ ಕೋಟೆಯ ರಿಕಾಸೋಲಿ ಮನೆತನ ತನ್ನ ಚರಿತ್ರೆಯನ್ನು 1141ರಿಂದ ಎಣಿಸುತ್ತದೆ. ಏಕೀಕೃತ ಇಟಲಿಯ ಎರಡನೆಯ ಪ್ರಧಾನಿಯಾಗಿದ್ದ ಬೆಟ್ಟಿನೊ ರಿಕಾಸೋಲಿ, ರಾಜಕೀಯದ ನಡುವೆಯೂ ದಶಕಗಳ ಕಾಲ ತೋಟದಲ್ಲಿ ಪ್ರಯೋಗ ಮಾಡಿ, ‘ಕಿಯಾಂಟಿ’ ಎಂಬ ಪ್ರಸಿದ್ಧ ವೈನಿಗೆ ಯಾವ ಯಾವ ದ್ರಾಕ್ಷಿ ಬೆರೆಸಬೇಕೆಂಬುದನ್ನು 1872ರ ಪತ್ರವೊಂದರಲ್ಲಿ ಬರೆದಿಟ್ಟ.

ಈ ಕಸುಬು ಮನೆತನಗಳಿಗೆ ಅಂಟಿಕೊಂಡದ್ದಕ್ಕೆ ಕಾರಣ ಸರಳ. ಬಳ್ಳಿ ನೆಟ್ಟ ಮೇಲೆ ರಸಕ್ಕೆ ತಕ್ಕ ಹಣ್ಣು ಬರಲು ಮೂರು ನಾಲ್ಕು ವರ್ಷ ಬೇಕು. ಒಳ್ಳೆಯ ರಸ ಮಾಗಲು ಮತ್ತಷ್ಟು ಕಾಲ. ಯಾವ ಮಣ್ಣಿಗೆ ಯಾವ ತಳಿ ಒಗ್ಗುತ್ತದೆಂದು ತಿಳಿಯಲು ಒಂದು ಜೀವಮಾನವೂ ಸಾಲದು. ತೆಂಗು ನೆಟ್ಟವನಂತೆ ಇಲ್ಲಿಯೂ ಅಪ್ಪ ನೆಟ್ಟದ್ದರ ಫಲ ಮಗನಿಗೆ. ಅವಸರದ ಬಂಡವಾಳಕ್ಕೆ ಈ ತಾಳ್ಮೆ ಇರುವುದಿಲ್ಲ.

ಮನೆತನಗಳ ಕಥೆಗೆ ಇನ್ನೊಂದು ಮುಖವೂ ಇದೆ. ಟಸ್ಕನಿಯ ತೋಟಗಳಲ್ಲಿ ದುಡಿಯುತ್ತಿದ್ದವರು ಫಸಲಿನ ಅರ್ಧವನ್ನು ಒಡೆಯನಿಗೆ ಕೊಡುತ್ತಿದ್ದ ಒಕ್ಕಲುಗಳು. ನಮ್ಮ ಕಡೆಯ ‘ವಾರ’ದ ಪದ್ಧತಿಯಂತೆಯೇ ಅದು. ಅಂಥ ಹೊಸ ಕರಾರುಗಳನ್ನು ಇಟಲಿಯ ಕಾನೂನು ತಡೆದದ್ದು 1964ರಲ್ಲಿ. ಸೀಸೆಯ ಮೇಲೆ ಒಡೆಯನ ಹೆಸರಿತ್ತು, ಬಳ್ಳಿ ಸಾಕಿದವನದಿರಲಿಲ್ಲ. ಒಡೆಯನ ಹೆಸರೂ ಶಾಶ್ವತವಾಗಿರಲಿಲ್ಲ. ರಿಕಾಸೋಲಿ ಹೆಸರು 1970ರ ದಶಕದಲ್ಲಿ ಅಂತರರಾಷ್ಟ್ರೀಯ ಮದ್ಯದ ಕಂಪನಿಯ ಪಾಲಾಗಿ, ಗುಣ ಕುಸಿದು, 1993ರಲ್ಲಷ್ಟೇ ಮನೆತನದ ಫ್ರಾಂಚೆಸ್ಕೊ ರಿಕಾಸೋಲಿ ಅದನ್ನು ಮರಳಿ ಪಡೆದರು.

<b>ನಂದಿಯ ಮಗ್ಗುಲಲ್ಲಿ</b>

ಕರ್ನಾಟಕದಲ್ಲಿ ಇಂಥದೊಂದು ಸಾಹಸಕ್ಕೆ ಕೈಹಾಕಿದವರು ಕನ್ವಲ್ ಗ್ರೋವರ್. ಮುಂಬೈಯ ಉದ್ಯಮಿಯಾಗಿದ್ದ ಅವರು ವ್ಯಾಪಾರದ ನಿಮಿತ್ತ ಫ್ರಾನ್ಸಿಗೆ ಹೋಗಿ ಬರುತ್ತ ಅಲ್ಲಿನ ವೈನಿಗೆ ಮನಸೋತರು. ಅದನ್ನು ಭಾರತದಲ್ಲೇಕೆ ಬೆಳೆಯಬಾರದು ಎಂಬ ಪ್ರಶ್ನೆ ಅವರನ್ನು ಷಾಂಪೇನ್ ಸೀಮೆಯ ಬೂಜಿ ಊರಿನ ಮೇಯರೂ ದ್ರಾಕ್ಷಾರಸ ತಜ್ಞರೂ ಆಗಿದ್ದ ಜಾರ್ಜ್ ವೆಸೆಲ್ ಅವರ ಬಳಿಗೆ ಕರೆದೊಯ್ದಿತು. ಮಣ್ಣು, ಹವೆಗಳ ಪರೀಕ್ಷೆಯ ನಂತರ ಅವರು ಆರಿಸಿಕೊಂಡದ್ದು ನಂದಿ ಬೆಟ್ಟದ ತಪ್ಪಲಿನ ದೊಡ್ಡಬಳ್ಳಾಪುರದ ಕಡೆಯ ನೆಲ.

ನಂದಿ ಬೆಟ್ಟದ ಎತ್ತರ 1,478 ಮೀಟರ್. ಚಿಕ್ಕಬಳ್ಳಾಪುರ ಪ್ರತ್ಯೇಕ ಜಿಲ್ಲೆಯಾದ 2007ರ ತನಕ ಆ ಬೆಟ್ಟ ಅವಿಭಜಿತ ಕೋಲಾರ ಜಿಲ್ಲೆಯ ಹೆಮ್ಮೆಯಾಗಿತ್ತು. ಅದರ ಸುತ್ತಲಿನ ನೆಲವೂ ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಮೇಲಿದೆ. ಹಗಲು ಬಿಸಿಲಿದ್ದರೂ ರಾತ್ರಿ ತಂಪು. ಹಣ್ಣಿನಲ್ಲಿ ಸಕ್ಕರೆ ಸೇರಲು ಬಿಸಿಲು ಬೇಕು, ಹುಳಿ ಮತ್ತು ಸುವಾಸನೆ ಉಳಿಯಲು ತಂಪು ಬೇಕು. ಎರಡೂ ಒಟ್ಟಿಗೆ ಸಿಗುವ ಜಾಗ ಉಷ್ಣವಲಯದಲ್ಲಿ ಅಪರೂಪ.

ಫ್ರಾನ್ಸಿನಿಂದ ತಂದ ಮೂವತ್ತೈದು ತಳಿಗಳನ್ನು ಪರೀಕ್ಷಿಸಿ, ಅವುಗಳಲ್ಲಿ ಒಂಬತ್ತನ್ನು ಉಳಿಸಿಕೊಂಡರು. 1988ರಲ್ಲಿ ಗ್ರೋವರ್ ವಿನ್‌ಯಾರ್ಡ್ಸ್ ಸಂಸ್ಥೆ ರೂಪುಗೊಂಡಿತು. 1992ರಲ್ಲಿ ಮೊದಲ ವೈನ್ ಹೊರಬಂತು. ಮಗ ಕಪಿಲ್ ಗ್ರೋವರ್ ತಂದೆಯ ಜೊತೆಗೂಡಿದರು. ತೊಂಬತ್ತರ ದಶಕದ ನಡುವೆ ಬೋರ್ಡೋ ಸೀಮೆಯ ಹೆಸರಾಂತ ತಜ್ಞ ಮಿಷೆಲ್ ರೋಲಾನ್ ಸಲಹೆಗಾರರಾಗಿ ಬಂದರು. ಕ್ಯಾಬರ್ನೆ ಮತ್ತು ಶಿರಾಜ್ ದ್ರಾಕ್ಷಿಗಳನ್ನು ಬೆರೆಸಿ ಓಕ್ ಪೀಪಾಯಿಯಲ್ಲಿ ಮಾಗಿಸಿದ ‘ಲಾ ರಿಸರ್ವ್’ ಈ ತೋಟಕ್ಕೆ ಹೊರದೇಶಗಳಲ್ಲೂ ಹೆಸರು ತಂದಿತು.

ಕೆಲಸ ಮಾತ್ರ ಸುಲಭದ್ದಾಗಿರಲಿಲ್ಲ. ಯುರೋಪಿನಲ್ಲಿ ಬಳ್ಳಿ ಚಳಿಗಾಲದಲ್ಲಿ ಎಲೆ ಉದುರಿಸಿ ನಿದ್ರಿಸುತ್ತದೆ, ವಸಂತದಲ್ಲಿ ಚಿಗುರಿ ಶರತ್ಕಾಲದಲ್ಲಿ ಕೊಯ್ಲಿಗೆ ಬರುತ್ತದೆ. ಇಲ್ಲಿ ಬಳ್ಳಿಗೆ ನಿದ್ರೆಯೇ ಇಲ್ಲ. ಹಾಗಾಗಿ ವರ್ಷಕ್ಕೆ ಎರಡು ಬಾರಿ ಕತ್ತರಿ ಆಡಿಸಿ ಅದರ ಪಂಚಾಂಗವನ್ನೇ ಬದಲಿಸಬೇಕು. ಬೇಸಿಗೆಯಲ್ಲಿ ಒಮ್ಮೆ ಸವರಿ ಕೊಂಬೆಗಳನ್ನು ಬೆಳೆಸಬೇಕು. ಮಳೆಗಾಲ ಮುಗಿಯುವ ಹೊತ್ತಿಗೆ ಇನ್ನೊಮ್ಮೆ ಸವರಿ ಹೂ–ಕಾಯಿ ಬಿಡಿಸಬೇಕು. ಆಗ ಹಣ್ಣು ಮಳೆಗೆ ಸಿಕ್ಕದೆ, ಫೆಬ್ರವರಿ ಸುಮಾರಿಗೆ ಕೊಯ್ಲು ಆರಂಭವಾಗುತ್ತದೆ. ಕೊಯ್ದ ಹಣ್ಣನ್ನು ತಡಮಾಡದೆ ಹಿಂಡಿ, ತಂಪುಗೊಳಿಸಿದ ಉಕ್ಕಿನ ತೊಟ್ಟಿಗಳಲ್ಲಿ ಹುದುಗಿಸಬೇಕು. ಬಿಸಿ ಏರಿದರೆ ಸುವಾಸನೆ ಹಾರಿಹೋಗುತ್ತದೆ. ಕೆಂಪು ವೈನಿಗೆ ಸಿಪ್ಪೆಯೊಡನೆ ಹುದುಗಿಸುತ್ತಾರೆ. ಬಣ್ಣ, ಒಗರು ಬರುವುದು ಅದರಿಂದಲೇ. ಬಿಳಿಯದಕ್ಕೆ ಬರಿಯ ರಸ ಸಾಕು.

ನಮ್ಮ ಬೆಂಗಳೂರು ನೀಲಿ ಈ ಮರ್ಯಾದೆಗೆ ಏರಲಿಲ್ಲ. ಹುಳಿ ಹೆಚ್ಚು, ಸಕ್ಕರೆ ಸಾಲದು, ವಾಸನೆ ಗಾಢ. ಸಿಹಿ ಬೆರೆಸಿದ ಅಗ್ಗದ ‘ಪೋರ್ಟ್’ ಮಾದರಿಯ ವೈನಿಗೆ, ಹಣ್ಣಿನ ರಸಕ್ಕೆ, ಜಾಮಿಗೆ ಅದು ಮೀಸಲಾಯಿತು. ಒಂದೇ ಸೀಮೆಯ ಮಣ್ಣಿನಲ್ಲಿ ಎರಡು ದ್ರಾಕ್ಷಿಗಳು, ಎರಡು ಲೋಕಗಳು.

<b>2007ರ ನಂತರ</b>

ಮಹಾರಾಷ್ಟ್ರ 2001ರಲ್ಲೇ ದ್ರಾಕ್ಷಿ ಸಂಸ್ಕರಣೆಗೆ ಪ್ರತ್ಯೇಕ ನೀತಿ ತಂದು, ಅಬಕಾರಿ ರಿಯಾಯಿತಿ ಕೊಟ್ಟು ನಾಸಿಕವನ್ನು ವೈನಿನ ಊರಾಗಿಸಿತು. ಕರ್ನಾಟಕ 2007ರಲ್ಲಿ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯನ್ನು ಪ್ರಕಟಿಸಿ, ದ್ರಾಕ್ಷಾರಸ ಮಂಡಳಿಯನ್ನು ಸ್ಥಾಪಿಸಿತು. ಅದೇ ವರ್ಷದ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಷೇಧವಾಯಿತು. ಬಡವನ ಪಾನೀಯವನ್ನು ತಡೆದ ಸರ್ಕಾರವೇ ಉಳ್ಳವರ ಪಾನೀಯಕ್ಕೆ ನೀರೆರೆಯಿತೆಂಬ ಟೀಕೆಗೆ ಇಲ್ಲಿ ಆಸ್ಪದವಿದೆ. ಮಾದಕ ಪಾನೀಯಗಳ ನಿಷೇಧಕ್ಕೆ ಶ್ರಮಿಸಬೇಕೆನ್ನುವ ಸಂವಿಧಾನದ 47ನೇ ವಿಧಿಯ ಮಾತೂ ಹಾಗೆಯೇ ಉಳಿದಿದೆ. ವೈನ್ ಹಣ್ಣಿನದಾದರೂ ಮದ್ಯವೇ. ಈ ನೀತಿಯನ್ನು ಸಮರ್ಥಿಸುವವರು ಮುಂದಿಡುವುದು ಬೆಳೆಗಾರನ ವಾದವನ್ನು: ಸಂತೆಯಲ್ಲಿ ಬೆಲೆ ಬಿದ್ದಾಗ ಹಣ್ಣು ಕೊಳೆಯದಿರಲು ಇನ್ನೊಂದು ದಾರಿ ಬೇಕು.

ಆ ವಾದದ ತೂಕ ತಿಳಿಯಬೇಕಾದರೆ ಕೋಲಾರ ಜಿಲ್ಲೆಯ ತಾಲ್ಲೂಕುಗಳನ್ನು ನೋಡಬೇಕು. ನಂದಿಯ ಸಾಲಿನಲ್ಲಿ ಪಿನಾಕಿನಿ ನದಿಗಳು ಹುಟ್ಟಿದರೂ ಈ ಜಿಲ್ಲೆಗೆ ವರ್ಷವಿಡೀ ಹರಿಯುವ ನದಿಯಿಲ್ಲ. ಸಾವಿರ ಅಡಿ ದಾಟಿದ ಕೊಳವೆ ಬಾವಿಗಳನ್ನು ನಂಬಿ, 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಕೆರೆಗಳಿಗೆ ಬರುತ್ತಿರುವ ಬೆಂಗಳೂರಿನ ಸಂಸ್ಕರಿತ ನೀರಿನಿಂದ ಅಂತರ್ಜಲ ಏರೀತೆಂದು ಕಾದು, ಇಲ್ಲಿನ ರೈತ ಬೆಳೆಯುತ್ತಾನೆ. ಮಾಲೂರಿನ ಹೂವು–ತರಕಾರಿ, ಮುಳಬಾಗಿಲು ಮತ್ತು ಕೋಲಾರದ ಟೊಮೆಟೊ, ಶ್ರೀನಿವಾಸಪುರದ ಮಾವು, ಎಲ್ಲವೂ ಬೇಗ ಕೆಡುವ ಸರಕುಗಳೇ. ಬೆಲೆ ಕುಸಿದಾಗ ಟೊಮೆಟೊ ರಸ್ತೆಗೆ ಸುರಿಯುವುದು ಇಲ್ಲಿ ಹೊಸ ಸುದ್ದಿಯಲ್ಲ.

ಶ್ರೀನಿವಾಸಪುರದ ತೋತಾಪುರಿ ಮಾವು ಪಕ್ಕದ ಆಂಧ್ರದ ಚಿತ್ತೂರು ಜಿಲ್ಲೆಯ ತಿರುಳು ಕಾರ್ಖಾನೆಗಳನ್ನೇ ನೆಚ್ಚಿಕೊಂಡಿದೆ. 2025ರ ಜೂನ್‌ನಲ್ಲಿ ಅಲ್ಲಿನ ಆಡಳಿತ ಹೊರರಾಜ್ಯದ ತೋತಾಪುರಿಯನ್ನು ತಡೆದಾಗ ಶ್ರೀನಿವಾಸಪುರದ ಬೆಳೆಗಾರರು ಬೀದಿಗಿಳಿಯಬೇಕಾಯಿತು. ಹಣ್ಣು ಇಲ್ಲಿಯದು, ಕಾರ್ಖಾನೆ ಅಲ್ಲಿಯದು, ಡಬ್ಬಿಯ ಮೇಲಿನ ಹೆಸರು ಇನ್ನಾರದೋ. ಒಂದು ಜಿಲ್ಲಾಡಳಿತದ ಆದೇಶ ಇಡೀ ತಾಲ್ಲೂಕಿನ ವರ್ಷದ ಗಳಿಕೆಯನ್ನು ಅಲುಗಾಡಿಸಬಲ್ಲದೆಂಬುದು ಆಗ ಸ್ಪಷ್ಟವಾಯಿತು.

<b>ಹೆಸರು ಯಾರದು?</b>

ಗ್ರೋವರ್ ಸಂಸ್ಥೆಯೂ ಒಂದೇ ಮನೆಯ ಸ್ವತ್ತಾಗಿ ಉಳಿಯಲಿಲ್ಲ. 2012ರಲ್ಲಿ ಅದು ನಾಸಿಕದ ವೆಲೆ ದ ವ್ಯಾನ್ ಸಂಸ್ಥೆಯೊಡನೆ ವಿಲೀನಗೊಂಡು ‘ಗ್ರೋವರ್ ಜಂಪಾ’ ಆಯಿತು. ಹೊಸ ಬಂಡವಾಳಗಾರರೂ ಬಂದರು. ಆದರೂ ಮನೆತನದ ಹೆಸರು ಸೀಸೆಯ ಮೇಲೆ ಉಳಿದಿದೆ. ಹಣ್ಣನ್ನು ಬರಿಯ ಹಣ್ಣಾಗಿ ಮಾರದೆ, ಸಂಸ್ಕರಿಸಿ, ಹೆಸರಿಟ್ಟು ಮಾರಿದ್ದರಿಂದ ಉಳಿದ ಆಸ್ತಿ ಅದು. ಮಣ್ಣು, ನೀರು, ಯಂತ್ರ ಎಲ್ಲವನ್ನೂ ಕೊಳ್ಳಬಹುದು. ಹೆಸರನ್ನು ಮಾತ್ರ ಕಾಲ ಕಟ್ಟಿಕೊಡಬೇಕು.

ಸಣ್ಣ ಹಿಡುವಳಿಯ ರೈತನಿಗೆ ಅಷ್ಟು ಕಾಲ ಕಾಯುವ ಶಕ್ತಿಯಿಲ್ಲ. ಒಬ್ಬಂಟಿಯಾಗಿ ಆಗದ್ದು ಒಟ್ಟಾಗಿ ಆಗಬಹುದೆಂಬುದಕ್ಕೂ ಇಟಲಿಯೇ ಸಾಕ್ಷಿ. ಮನೆತನಗಳ ಕೀರ್ತಿ ಎಷ್ಟೇ ದೊಡ್ಡದಿರಲಿ, ಆ ದೇಶದ ವೈನಿನಲ್ಲಿ ಸುಮಾರು ಅರ್ಧದಷ್ಟು ಬರುವುದು ಸಣ್ಣ ಬೆಳೆಗಾರರ ಸಹಕಾರ ಸಂಘಗಳ ನೆಲಮಾಳಿಗೆಗಳಿಂದ. ಎಲ್ಲರ ಹಣ್ಣು ಒಂದೇ ತೊಟ್ಟಿಗೆ ಬೀಳುತ್ತದೆ, ಲಾಭ ತೂಕಕ್ಕೆ ತಕ್ಕಂತೆ ಹಂಚಿಕೆಯಾಗುತ್ತದೆ.

ಈ ಲೆಕ್ಕ ಕೋಲಾರಕ್ಕೆ ಅರ್ಥವಾಗದ್ದೇನಲ್ಲ. ಬೆಳಗ್ಗೆ ಮತ್ತು ಸಂಜೆ ಡೈರಿಯ ಮುಂದೆ ಕ್ಯಾನು ಹಿಡಿದು ನಿಲ್ಲುವ ಪ್ರತಿ ಹಳ್ಳಿಯವರಿಗೂ ಅದು ಗೊತ್ತಿದೆ. ಹಾಲಿನಷ್ಟೇ ಬೇಗ ಕೆಡುವ ಹಣ್ಣಿಗೆ ಆ ವ್ಯವಸ್ಥೆ ಇನ್ನೂ ಬಂದಿಲ್ಲ. ಅದು ವೈನೇ ಆಗಬೇಕೆಂದಿಲ್ಲ. ಮಾವಿನ ತಿರುಳಾಗಬಹುದು, ನೀಲಿ ದ್ರಾಕ್ಷಿಯ ರಸವಾಗಬಹುದು, ಟೊಮೆಟೊ ಸಾಸೂ ಆಗಬಹುದು. ನಂದಿಯ ತಪ್ಪಲಿನ ಪ್ರಯೋಗ ಈ ಸೀಮೆಯ ಮಣ್ಣಿನ ಯೋಗ್ಯತೆಯನ್ನು ಲೋಕಕ್ಕೆ ತೋರಿಸಿ ಮೂರು ದಶಕ ದಾಟಿದೆ. ಆ ಮಣ್ಣಿನ ಫಲದ ಮೇಲೆ ಶ್ರೀನಿವಾಸಪುರ, ಮುಳಬಾಗಿಲುಗಳ ಹೆಸರು ಅಚ್ಚಾಗಿ, ಅದರ ಬೆಲೆ ಬೆಳೆದವನ ಮನೆಗೆ ತಲುಪುವ ದಿನಕ್ಕಾಗಿ ಬೆಳೆಗಾರ ಕಾಯುತ್ತಿದ್ದಾನೆ.